ಇರುವೆಗೆ ಇಟ್ಟ ಗಂಜಿ

ಗಂಡನ ಹೆಸರು ಹೇಳಬಾರದೆಂದು ನಮ್ಮತ್ತೆ ಕಲಿಸಿದ್ದರು. ಬರೆಯಬಾರದೆಂದು ಅವರು ಹೇಳಲಿಲ್ಲ, ಪಾಪ, ಅವರಿಗೆ ಬರೆಯುವುದೇ ಗೊತ್ತಿರಲಿಲ್ಲ. ಅದಕ್ಕೇ ಒಂದು ಸಲ ಬರೆದುಬಿಡುತ್ತೇನೆ: ಅಡವಯ್ಯ. ಕೊರಟಗೆರೆ ತಾಲ್ಲೂಕು ಕೊಳಾಲದವರು, ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿದವರು, ಮಧುಗಿರಿಯಲ್ಲಿ ಹುಣಸೆ ಬೀಜದ ಪುಡಿ ಮಾಡುವ ಕಾರ್ಖಾನೆ ನೋಡಿಕೊಳ್ಳುತ್ತಿದ್ದವರು. ಇನ್ನು ಮುಂದೆ ಅವರು ಬರೀ ನಮ್ಮವರು.

ನಮ್ಮವರಿಗೆ ಒಂದು ಚಾಳಿ ಇತ್ತು. ಮಧ್ಯಾಹ್ನ ಊಟಕ್ಕೆ ಬರುವಾಗ ಕಾರ್ಖಾನೆಯಿಂದ ಒಂದು ದೊನ್ನೆಯಲ್ಲಿ ಚೂರು ಗಂಜಿ ತರುವರು. ಆ ದಿನ ಬೀಸಿದ ಪುಡಿಯನ್ನು ಕುದಿಸಿ ಮಾಡಿದ ಗಂಜಿ. ಹಿತ್ತಿಲ ಗೋಡೆಯ ಬುಡದಲ್ಲಿ ಇರುವೆ ಸಾಲಿತ್ತು. ಅದರ ಮಗ್ಗುಲಿಗೆ ಗಂಜಿಯಿಟ್ಟು, ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಇರುವೆ ಮುತ್ತಿದರೆ ಊಟ ಬಿಟ್ಟು ಹಾಗೇ ಕಾರ್ಖಾನೆಗೆ ಓಡುವರು. ಮುತ್ತದಿದ್ದರೆ ಕೈಕಾಲು ತೊಳೆದು ಬಂದು ಕೂರುವರು. ಅಷ್ಟರಲ್ಲಿ ನಾನು ಹಾಕಿದ ಮುದ್ದೆ ಕಲ್ಲಾಗಿರುತ್ತಿತ್ತು. "ಹೆಂಡತಿ ಉಪವಾಸ ಕೂತರೂ ಸರಿ, ಇರುವೆಗೆ ಮಾತ್ರ ಹೊತ್ತಿಗೆ ಸರಿಯಾಗಿ ಆಗಬೇಕು" ಎಂದು ಬೈಯುತ್ತಿದ್ದೆ. ಅವರು ತಲೆ ಎತ್ತುತ್ತಿರಲಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ಇನ್ನೊಂದಿತ್ತು, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಾಡು ಹಗಲಲ್ಲಿ, ತುತ್ತು ಕೈಯಲ್ಲಿರುವಾಗ, ಯಾರೋ ಕರೆದ ಹಾಗೆ ಹಿತ್ತಿಲ ಬಾಗಿಲ ಕಡೆ ತಿರುಗಿ, "ಇಟ್ಟೆ ಕಣಮ್ಮ, ಇಟ್ಟೆ" ಎನ್ನುವರು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. "ಯಾರಿಗ್ರೀ ಹೇಳಿದ್ದು?" ಎಂದರೆ, "ಯಾರಿಗೂ ಇಲ್ಲ, ನೀನು ಸಾರು ಬಡಿಸು" ಎನ್ನುವರು. ಒಂದು ಸಲವಲ್ಲ, ಎರಡು ಸಲವಲ್ಲ, ನಾಲ್ಕು ವರ್ಷ. ಮಠದಿಂದ ವಿಭೂತಿ ತರಿಸಿ ಹಚ್ಚಿದೆ. ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿದೆ. ಅವರು ಅಗಳಿ ಹಾಕಿದ ಬಾಗಿಲಿಗೂ ಉತ್ತರ ಕೊಟ್ಟರು.

ಸಾವಿರದ ಒಂಬೈನೂರ ನಲವತ್ತೇಳರ ಬೇಸಿಗೆಯಲ್ಲಿ ಒಂದು ದಿನ ಹನ್ನೊಂದು ಗಂಟೆಗೇ ಮನೆಗೆ ಬಂದರು. ನಾನು ಒರಳಿನ ಮುಂದೆ ಕೂತಿದ್ದೆ. ಅವತ್ತು ಕಂಪನಿಯವರು ಆರು ಜನ ಹೊಸ ರಸಾಯನ ತಜ್ಞರನ್ನು ತರಬೇತಿಗೆಂದು ನಮ್ಮವರ ಹತ್ತಿರ ಕಳಿಸಿದ್ದರು. ಪಾಠದ ಮೊದಲ ದಿನ, ಮಾದರಿಗೆಂದು ತಮ್ಮ ಹಳೆಯ ವರದಿಯನ್ನೇ ಓದಿ ತೋರಿಸಬೇಕಿತ್ತು. "ಏನ್ರೀ, ಇಷ್ಟು ಬೇಗ ಮುಗೀತಾ?" ಎಂದೆ. ಅವರು ಅಲ್ಲೇ ನೆಲದ ಮೇಲೆ ಕೂತರು. "ಏಳನೇ ಕಾಲಂ ಓದೋಕಾಗಲಿಲ್ಲ ಮಂಗಳಾ" ಎಂದರು. ಆಮೇಲೆ ಎಲ್ಲ ಹೇಳಿದರು. ಒರಳಿನಲ್ಲಿದ್ದ ಉದ್ದು ಹಾಗೇ ಉಳಿಯಿತು.

ಅವರು ಹೇಳಿದ್ದನ್ನು ಮೊದಲಿನಿಂದ ಹೇಳುತ್ತೇನೆ. ಯುದ್ಧದ ಕಾಲ, ನಲವತ್ತೆರಡು. ಆಗ ನಾವು ಬೆಂಗಳೂರಿನಲ್ಲಿದ್ದೆವು. ನಮ್ಮವರಿಗೆ ಆ ಕಂಪನಿಯ ಪ್ರಯೋಗಶಾಲೆಯಲ್ಲಿ ಕೆಲಸ. ನೂಲನ್ನು ಮಗ್ಗಕ್ಕೆ ಏರಿಸುವ ಮುಂಚೆ ಗಂಜಿ ಬಳಿಯಬೇಕು, ಇಲ್ಲದಿದ್ದರೆ ನೂಲು ಕಿತ್ತುಬರುತ್ತದೆ. ಗಂಜಿಗೆ ಬೇಕಾದ ಹಿಟ್ಟು ಆಗ ಮನುಷ್ಯರ ಹೊಟ್ಟೆಗೇ ಸಿಗುತ್ತಿರಲಿಲ್ಲ. ನಾವೆಲ್ಲ ಉಗಿದು ಬಿಸಾಡುವ ಹುಣಸೆ ಬೀಜದಿಂದ ಒಳ್ಳೆಯ ಗಂಜಿಯಾಗುತ್ತದೆಂದು ನಮ್ಮವರು ಪ್ರಯೋಗ ಮಾಡಿ ತೋರಿಸಿದ್ದರು. ತೋರಿಸಿ ಏನು ಬಂತು? ಸೀಸೆಗಳು ಮೂರು ವರ್ಷ ಕಪಾಟಿನಲ್ಲೇ ಕೂತಿದ್ದವು. ಅಲ್ಲಿದ್ದ ನಾಲ್ವರು ತಜ್ಞರದೂ ಇದೇ ಪಾಡು. ಕಂಡುಹಿಡಿದದ್ದು ಬೇಕಾದಷ್ಟು, ಅಂಗಡಿಗೆ ಹೋದದ್ದು ಒಂದೂ ಇಲ್ಲ.

ಕಂಪನಿಗೆ ಸಾಕಾಯಿತು. ಪ್ರಯೋಗವನ್ನು ಮಾರುವ ಸರಕು ಮಾಡುವುದು ಹೇಗೆಂದು ಇವರಿಗೆ ಕಲಿಸಲು ಜಯರಾಮಯ್ಯ ಎಂಬವರನ್ನು ಕರೆಸಿದರು. ಮೂವತ್ತು ವರ್ಷ ಸಾಬೂನು, ಶಾಯಿ, ಎಣ್ಣೆ ಎಲ್ಲ ಮಾಡಿ ಮಾರಿ, ಕೈ ಸುಟ್ಟುಕೊಂಡು ಕಲಿತ ಮುದುಕರು ಅವರು. ಆರು ತಿಂಗಳ ಪಾಠ. ಕಪ್ಪು ಹಲಗೆ ಕಡಿಮೆ, ಬೈಗುಳ ಜಾಸ್ತಿ. "ಸೀಸೇಲಿ ಆಗಿದ್ದು ಹಂಡೇಲಿ ಆಗುತ್ತೆ ಅಂದ್ಕೋಬೇಡ್ರಯ್ಯ" ಎನ್ನುತ್ತಿದ್ದರಂತೆ. "ನಿಮ್ಮ ಸರಕು ಯಾರ ಕೈಗೆ ಹೋಗುತ್ತೋ ಅವರ ಬಾಗಿಲಲ್ಲಿ ಹೋಗಿ ಕೂತ್ಕೊಳ್ಳಿ. ಅವರು ಏನು ಮಾಡ್ತಾರೋ ಎಲ್ಲ ಬರ್ಕೊಳ್ಳಿ. ನಿಮಗೆ ಹುಚ್ಚು ಅನ್ಸಿದ್ದನ್ನ ಮೊದಲು ಬರ್ಕೊಳ್ಳಿ." ಕೊನೆಗೆ ಒಬ್ಬೊಬ್ಬರೂ ಒಂದು ಸರಕು ತಯಾರಿಸಿ, ಏಳು ಕಾಲಮ್ಮಿನ ವರದಿ ಬರೆದುಕೊಡಬೇಕು. ಏಳನೆಯ ಕಾಲಂ ಇದು: ಬಳಸುವವರು ಮಾಡುತ್ತಿದ್ದುದರಲ್ಲಿ ನಾವು ಕೈಬಿಟ್ಟದ್ದು ಯಾವುದು, ಏಕೆ.

ನಮ್ಮವರು ಹುಡುಕಿಕೊಂಡು ಹೋದದ್ದು ಶಿರಾ ತಾಲ್ಲೂಕಿಗೆ, ತಾವರೆಕೆರೆ ಹತ್ತಿರದ ಒಂದು ಕುರುಬರ ಹಟ್ಟಿಗೆ. ಸೈನ್ಯಕ್ಕೆ ಕಂಬಳಿ ನೇಯುವ ಹಟ್ಟಿ, ಹದಿನೆಂಟು ಮಗ್ಗ. ಅವರು ಹುಣಸೆ ಬೀಜದ ಗಂಜಿಯನ್ನು ಅಜ್ಜನ ಕಾಲದಿಂದ ಬಳಸುತ್ತಿದ್ದರು. ಇದನ್ನು ಕೇಳಿ ನನಗೆ ನಗು ಬಂತು. "ಮತ್ತೆ ನೀವು ಕಂಡುಹಿಡಿದದ್ದು ಏನು?" ಎಂದೆ. ನಮ್ಮವರು ನಗಲಿಲ್ಲ.

ಹದಿನೆಂಟು ಮಗ್ಗಕ್ಕೂ ಗಂಜಿ ಕಾಯಿಸುತ್ತಿದ್ದವಳು ಒಬ್ಬಳೇ, ಜುಂಜಮ್ಮ ಎಂಬ ಮುದುಕಿ. ಅವಳ ಮಗ ಮುದ್ದಪ್ಪ ಹಟ್ಟಿಯ ಯಜಮಾನ. ಆದರೆ ಗಂಜಿ ವಿಷಯದಲ್ಲಿ ಯಜಮಾನನೂ ಅವಳ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಯಾರ ಮನೆಯ ನೂಲಿಗಾದರೂ ಮೊದಲ ಕೈ ಅವಳದೇ. ಹೊಸ ಸೊಸೆ ಬಂದರೆ ಆ ಮನೆಯ ಮೊದಲ ಕಂಬಳಿಯ ನೂಲನ್ನು ಅವಳು ಸವರಿ ಕೊಡಬೇಕು. ಜುಂಜಮ್ಮನ ಕೈ ಬಿದ್ದರೆ ಕಂಬಳಿ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆಂದು ಮಾತಿತ್ತು. ಅವಳಿಗೆ ಇದ್ದ ಆಸ್ತಿಯೆಂದರೆ ಆ ಮಾತೇ.

ನಮ್ಮವರು ಹನ್ನೆರಡು ದಿನ ಅಲ್ಲಿದ್ದರು. ಇವರು ಅವರ ಮನೆಯಲ್ಲಿ ಬೇಯಿಸಿದ್ದು ತಿನ್ನುವುದಿಲ್ಲವೆಂದು ಅವಳೇ ದಿನಾ ಹಸಿ ಹಾಲು ತಂದು ಮುಂದಿಟ್ಟು, "ಕಾಯಿಸ್ಕಳಿ ಅಯ್ನೋರೆ" ಎನ್ನುತ್ತಿದ್ದಳಂತೆ. ಬೀಜ ಹುರಿಯುವುದು, ಸಿಪ್ಪೆ ಬಿಡಿಸುವುದು, ಕುಟ್ಟುವುದು, ಬೇವಿನ ಸೊಪ್ಪು ಹಾಕಿ ಕುದಿಸುವುದು, ಎಲ್ಲ ತೋರಿಸಿದಳು. ಬೇವು ಯಾಕೆಂದರೆ ಉಣ್ಣೆಗೆ ಹುಳ ಬೀಳಬಾರದೆಂದು. ಗಂಜಿ ಆರಿದ ಮೇಲೆ ಒಂದು ಚಿಟಿಕೆ ಎತ್ತಿ, ದೇವರಿಗೆ ಎಡೆ ಇಡುವ ಹಾಗೆ ಸೆರಗು ಹೊದ್ದು, ಕುರಿರೊಪ್ಪದ ಗೋಡೆ ಬುಡದ ಇರುವೆ ಸಾಲಿನ ಮುಂದೆ ಇಟ್ಟು ಕೈ ಮುಗಿಯುತ್ತಿದ್ದಳು.

"ಇದ್ಯಾಕೆ ಜುಂಜಮ್ಮ?" ಎಂದು ನಮ್ಮವರು ಕೇಳಿದರು.

"ಅವು ತಿಂದ್ರೆ ಗಡಿಗೆ ಅವುಗಳ್ದು. ಬುಟ್ರೆ ನಮ್ದು" ಎಂದಳು. "ತಿಂದ್ರೆ ಇನ್ನೊಂದು ತಬ್ಬು ಬೇವಿನ ಸೊಪ್ಪು ತಂದು ಮತ್ತೆ ಕುದುಸ್ಬೇಕು. ಇದ ಮಾತ್ರ ಮರೀಬ್ಯಾಡಿ ಅಯ್ನೋರೆ. ಮಿಕ್ಕಿದ್ದ ಮರೆತ್ರೂ ನಡೀತೈತೆ."

"ಮರೆಯಲ್ಲ" ಎಂದರು ನಮ್ಮವರು.

ಬೆಂಗಳೂರಿಗೆ ಬಂದು ವರದಿ ಬರೆಯಲು ಕೂತರು. ಏಳನೆಯ ಕಾಲಂಗೆ ಬಂದಾಗ ಪೆನ್ನು ನಿಂತಿತು. ಕೋಟು ಹಾಕಿದ ಅಧಿಕಾರಿಗಳ ಮುಂದೆ, ಇಂಗ್ಲಿಷಿನಲ್ಲಿ, ಮುದುಕಿಯೊಬ್ಬಳು ಇರುವೆಗೆ ನೈವೇದ್ಯ ಮಾಡುತ್ತಾಳೆ ಎಂದು ಓದುವುದು ಹೇಗೆ? ನಾಚಿಕೆಯಾಯಿತಂತೆ. ಅಲ್ಲ, ನಾನು ಕೇಳುತ್ತೇನೆ, ದಿನಾ ಎರಡು ಹೊತ್ತು ಅಂಗೈ ಮೇಲಿನ ಲಿಂಗಕ್ಕೆ ತೋರಿಸದೆ ತುತ್ತು ಮುಟ್ಟದ ಮನುಷ್ಯನಿಗೆ ಅವಳ ಎಡೆ ನೋಡಿ ನಾಚಿಕೆಯೇ? ಇದನ್ನು ಅವರ ಮುಖಕ್ಕೇ ಅಂದೆ. "ಅದಕ್ಕೇ ನಾಚಿಕೆ ಆಯ್ತು ಮಂಗಳಾ. ಅದು ನಮ್ಮನೆ ಥರಾನೇ ಇತ್ತು" ಎಂದರು.

ಏಳನೆಯ ಕಾಲಂನಲ್ಲಿ 'ಯಾವುದೂ ಇಲ್ಲ' ಎಂದು ಬರೆದರು. ಇಷ್ಟು ಬೀಜಕ್ಕೆ ಇಷ್ಟು ಒಣ ಬೇವು ಎಂದು ಒಂದು ಅಳತೆ ಗೊತ್ತು ಮಾಡಿದರು. ವರದಿ ಓದಿದ ದಿನ ಜಯರಾಮಯ್ಯ ಕನ್ನಡಕದ ಮೇಲಿಂದ ನೋಡಿ, "ಆ ಹೆಂಗಸು ಮತ್ತೇನೂ ಮಾಡ್ಲಿಲ್ವೇನ್ರಿ?" ಎಂದು ಕೇಳಿದರು. ಇವರು "ಇಲ್ಲ ಸಾರ್" ಎಂದರು. ನಾಲ್ವರಲ್ಲಿ ಇವರಿಗೇ ಮೊದಲ ಸ್ಥಾನ. ಹುಣಸೆ ಮರ ಬೇಕಾದಷ್ಟಿರುವ ಮಧುಗಿರಿಯಲ್ಲಿ ಕಾರ್ಖಾನೆ ಹಾಕಿ, ಇವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ನಾನು ಆ ಸಂಭ್ರಮಕ್ಕೆ ಹೋಳಿಗೆ ಮಾಡಿದ್ದೆ, ಚೆನ್ನಾಗಿ ನೆನಪಿದೆ.

ಬೇವು ಸೇರಿಸಿದ ಪುಡಿಯ ಮೊದಲ ಚೀಲಗಳನ್ನು ನಮ್ಮವರೇ ಜುಂಜಮ್ಮನ ಹಟ್ಟಿಗೆ ಒಯ್ದರು. ಹುರಿಯುವ, ಕುಟ್ಟುವ ಕೆಲಸವೆಲ್ಲ ತಪ್ಪಿತು, ಕುದಿಸಿದರೆ ಸಾಕು. ಅವಳು ಕುದಿಸಿದಳು. ಆರಿದ ಮೇಲೆ ಚಿಟಿಕೆ ಎತ್ತಿಕೊಂಡು ಸೆರಗು ಹೊದ್ದಳು. ನಮ್ಮವರ ಜೊತೆ ಅವತ್ತು ಕಂಪನಿಯ ಅಧಿಕಾರಿಯೊಬ್ಬ ಬಂದಿದ್ದ, ಬೊಂಬಾಯಿಯವನು, ಕನ್ನಡ ಬಾರದವನು. ಅವನು ನೋಡಿದರೆ ವರದಿಯಲ್ಲಿ ಇಲ್ಲದ ಕಲಾಪ ಇದೇನೆಂದು ಕೇಳುತ್ತಾನಲ್ಲ ಎಂದು ಇವರಿಗೆ ಗಾಬರಿ. ಬೇಗ ಬೇಗ, "ಇದಕ್ಕೆ ಇರುವೆ ಬೇಡ ಜುಂಜಮ್ಮ, ನಾನು ಅಳೆದು ಮಾಡಿದ್ದೀನಿ" ಎಂದರು.

ಅವಳು ಒಂದು ಗಳಿಗೆ ಇವರ ಮುಖ ನೋಡಿದಳಂತೆ. "ನೀವು ಯೋಳ್ತೀರಲ್ಲ, ಅಂಗೇ ಆಗ್ಲಿ" ಎಂದು ಚಿಟಿಕೆಯನ್ನು ಗಡಿಗೆಗೆ ವಾಪಸ್ಸು ಹಾಕಿದಳು. ಅವಳ ಜೀವಮಾನದಲ್ಲಿ ಮೊದಲ ಸಲ.

ಬೇವು ಎಲ್ಲ ಕಾಲಕ್ಕೂ ಒಂದೇ ಕಹಿ ಇರುತ್ತದೆಯೇ? ಆ ಸಲದ ಸೊಪ್ಪು ಮಳೆಯಲ್ಲಿ ನೆನೆದದ್ದು, ಸರಿಯಾಗಿ ಒಣಗದೆ ಇದ್ದದ್ದು, ಅದನ್ನು ಹಾಗೇ ಪುಡಿ ಮಾಡಿದ್ದರು. ಅಳತೆ ಸರಿಯಾಗಿತ್ತು, ಕಹಿ ಇರಲಿಲ್ಲ. ಇರುವೆಯಾದರೆ ಹೇಳುತ್ತಿತ್ತು. ಹಟ್ಟಿಯ ಕಂಬಳಿಗಳು ಶಿರಾದ ಗೋದಾಮಿನಲ್ಲಿ ಮೂರು ತಿಂಗಳು ಕೂತವು. ಬಿಚ್ಚಿ ಬೆಳಕಿಗೆ ಹಿಡಿದರೆ ಜರಡಿ. ಹುಳ ತಿಂದು ತೂತಾಗದ ಕಂಬಳಿ ಒಂದೂ ಇರಲಿಲ್ಲ. ಸೈನ್ಯದವರು ಎಲ್ಲವನ್ನೂ ಹಿಂದಕ್ಕೆ ಕಳಿಸಿದರು.

ವಿಚಾರಣೆಗೆ ಬಂದವನೂ ಅದೇ ಬೊಂಬಾಯಿಯವನು. ಹಟ್ಟಿಯ ಬೇವಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ. ಹಟ್ಟಿಯೆಲ್ಲ ನೆರೆದಿತ್ತು. ಪುಡಿಯಲ್ಲಿ ದೋಷವೋ, ಕುದಿಸಿದ ಕೈಯಲ್ಲಿ ದೋಷವೋ ಎಂದು ಇವರನ್ನು ಇಂಗ್ಲಿಷಿನಲ್ಲಿ ಕೇಳಿದ. ಇವರು, "ಪುಡಿ ಸರಿಯಾಗಿದೆ. ಕುದಿಸುವಾಗ ಹೆಚ್ಚುಕಮ್ಮಿ ಆಗಿರಬಹುದು" ಎಂದರು. ಅದನ್ನೇ ಹಟ್ಟಿಯವರಿಗೆ ಕನ್ನಡದಲ್ಲೂ ಹೇಳಬೇಕಾಯಿತು, ಹೇಳಿದರು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಅದನ್ನು ಮಾಡಿದ್ದು ನನಗೆ ತಾಳಿ ಕಟ್ಟಿದ ಗಂಡ.

ಜುಂಜಮ್ಮ ಗದ್ದಲ ಮಾಡಲಿಲ್ಲ. "ಇರುವೆಗೆ ಇಕ್ಕಬ್ಯಾಡ ಅಂದಿದ್ದು ನೀವಲ್ವರಾ ಅಯ್ನೋರೆ?" ಎಂದಳು, ಅಷ್ಟೇ.

ಅವಳು ಏನಂದಳೆಂದು ಅಧಿಕಾರಿ ಕೇಳಿದ. "ಏನಿಲ್ಲ, ಅವರ ದೇವರ ವಿಷಯ" ಎಂದರು ನಮ್ಮವರು.

ಅಧಿಕಾರಿ ಎದ್ದು ಹೋದ. ಆದರೆ ಅವಳ ಮಾತು ಹಟ್ಟಿಯವರ ಕಿವಿಗೆ ಬಿದ್ದಿತ್ತಲ್ಲ. ಎಡೆ ಇಕ್ಕದೆ ಗಂಜಿ ಬಳಿದವಳೇ? ಬೇಡವೆಂದವರು ಯಾರೇ ಆಗಲಿ, ಬಿಟ್ಟ ಕೈ ಯಾರದ್ದು? ಕೈ ಕೆಟ್ಟಿತು ಎಂದರು. ಅವತ್ತಿನಿಂದ ಯಾರೂ ಅವಳನ್ನು ನೂಲು ಮುಟ್ಟಲು ಬಿಡಲಿಲ್ಲ. ಸ್ವಂತ ಮೊಮ್ಮಗಳ ಮದುವೆಯ ಕಂಬಳಿಗೂ ಬೇರೆ ಹಟ್ಟಿಯಿಂದ ಹೆಂಗಸನ್ನು ಕರೆಸಿದರಂತೆ. ಇತ್ತ ನಮ್ಮವರು ಯಾರಿಗೂ ಹೇಳದೆ ದಿನದಿನದ ಪುಡಿಯನ್ನು ನಮ್ಮ ಹಿತ್ತಿಲ ಇರುವೆಗೆ ಇಟ್ಟು ನೋಡುತ್ತ ಬಂದರು. ಪುಡಿಗೆ ಒಳ್ಳೆಯ ಹೆಸರು ಬಂತು, ಪಾವಗಡದಾಚೆಗೂ ಹೋಯಿತು. ಆದರೆ ಮೂರು ಹೊತ್ತೂ ಅವರ ಕಿವಿಯಲ್ಲಿ ಮುದುಕಿಯ ದನಿ: ಇರುವೆಗೆ ಇಕ್ಕಿದ್ರಾ ಅಯ್ನೋರೆ? ನನ್ನ ಮನೆಯ ಹಿತ್ತಿಲ ಬಾಗಿಲಲ್ಲಿ ನಾಲ್ಕು ವರ್ಷ ನಿಂತಿದ್ದವಳು ಯಾರೆಂದು ನನಗೆ ಅವತ್ತು ಗೊತ್ತಾಯಿತು.

ಒರಳು ಬಿಟ್ಟು ಎದ್ದು ನಿಂತೆ. "ಬದುಕಿದ್ದಾಳಾ?" ಎಂದೆ.

"ಇದಾಳಂತೆ."

"ಹಾಗಾದರೆ ಇಲ್ಲಿ ಕೂತು ನನಗೆ ಹೇಳಿ ಏನು ಪ್ರಯೋಜನ? ಅವಳ ಹಟ್ಟೀಲಿ, ಅದೇ ಕಟ್ಟೆ ಮುಂದೆ ನಿಂತು ಹೇಳಿ. ಉಪ್ಪು ತಿಂದವರು ನೀರು ಕುಡೀಲೇಬೇಕು. ಕೆಲಸ ಹೋದರೆ ಹೋಗಲಿ, ಕೊಳಾಲದಲ್ಲಿ ರಾಗಿ ಬೆಳೆಯೋಣ. ಎದ್ದೇಳಿ."

ಮರುದಿನ ಬೆಳಗಿನ ಬಸ್ಸಿಗೆ ಶಿರಾಕ್ಕೆ ಹೋಗಿ, ಅಲ್ಲಿಂದ ಗಾಡಿ ಮಾಡಿಕೊಂಡು ಹಟ್ಟಿ ಸೇರಿದೆವು. ಮುದ್ದಪ್ಪ ಹಟ್ಟಿಯ ಬಾಗಿಲಲ್ಲೇ ಸಿಕ್ಕಿದ. ಇವರನ್ನು ನೋಡಿ ಅವನ ಮುಖ ಬಿಗಿಯಿತು, ಆದರೂ ಕಂಬಳಿ ಹಾಸಿ ಕೂರಿಸಿದ. ಇವರು ಕೂರಲಿಲ್ಲ. "ಎಲ್ಲರನ್ನೂ ಕರಿ ಮುದ್ದಪ್ಪ" ಎಂದರು. ಕಟ್ಟೆಯ ಮುಂದೆ ಜನ ಸೇರಿದ ಮೇಲೆ, ವರದಿಯಲ್ಲಿ ಇರುವೆಯ ಮಾತು ಬರೆಯದೆ ಬಿಟ್ಟಿದ್ದು, ಇರುವೆ ಬೇಡ ಎಂದದ್ದು, ಅವತ್ತು ಸುಳ್ಳು ಹೇಳಿದ್ದು, ಒಂದೂ ಬಿಡದೆ ಹೇಳಿದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಸಿಟ್ಟೂ ಬಂದಿರಲಿಲ್ಲ, ಅಷ್ಟು ಅಭಿಮಾನವೂ ಬಂದಿರಲಿಲ್ಲ.

ಮುದ್ದಪ್ಪ ತಲೆ ತಗ್ಗಿಸಿ ನಿಂತಿದ್ದ. "ನಾಕು ವರ್ಸ ಆಯ್ತಲ್ಲ ಅಯ್ನೋರೆ" ಎಂದ. "ಈಗ ಯೋಳ್ತೀರಾ. ನಮ್ಮವ್ವನ್ನ ನಾನೇ ಎಷ್ಟು ಅಂದ್ಬುಟ್ಟಿವ್ನಿ ಗೊತ್ತಾ ನಿಮ್ಗೆ?"

ಜುಂಜಮ್ಮ ರೊಪ್ಪದ ಮಗ್ಗುಲಲ್ಲಿ ಕೂತಿದ್ದಳು. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣ ಹೆಂಗಸು. ಕಣ್ಣು ಮಂಜಾಗಿತ್ತು, ಆದರೂ ನೋಡುತ್ತಿದ್ದಳು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ನಮ್ಮವರು ಹೋಗಿ ಅವಳ ಮುಂದೆ ಕುಕ್ಕರಿಸಿದರು, ಇರುವೆಯ ಮುಂದೆ ಕೂರುತ್ತಿದ್ದ ಹಾಗೆಯೇ. "ತಪ್ಪು ನಂದು ಜುಂಜಮ್ಮ. ನಿನ್ನ ಕೈಯಲ್ಲಿ ದೋಷ ಇರಲಿಲ್ಲ" ಎಂದರು.

"ಅಯ್ಯೋ ಬುಡಿ ಅಯ್ನೋರೆ" ಎಂದಳು ಅವಳು. "ನೀವು ದೊಡ್ಡೋರು. ಮುದ್ಕಿ ನೊಂದ್ಕಂಡವ್ಳೆ ಅಂತ ಸಮಾಧಾನ ಯೋಳಾಕೆ ಇಷ್ಟು ದೂರ ಬಂದ್ರಿ. ನಂಗೆ ಗೊತ್ತಾಗಾಕಿಲ್ವಾ?"

"ಸಮಾಧಾನ ಅಲ್ಲ, ನಿಜ."

"ಅಮ್ನೋರೆ, ಅವ್ರಿಗೆ ಯೋಳಿ" ಎಂದು ನನ್ನ ಕಡೆ ತಿರುಗಿದಳು. "ಇಷ್ಟು ಜನ ನಾಕು ವರ್ಸ ಸುಳ್ಳು ಯೋಳ್ತಾರಾ?"

ಹಟ್ಟಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ಬಾಯಿಗೆ ಸೆರಗು ಹಚ್ಚಿ ಅಳತೊಡಗಿದಳು. ಆಗ ನಮ್ಮವರು ಹಟ ಹಿಡಿದರು. ಒಂದು ಗಡಿಗೆ ಗಂಜಿ ಕಾಯಿಸು, ನಿನ್ನ ಕೈಯಲ್ಲೇ, ನಿನ್ನ ರೀತಿಯಲ್ಲೇ, ಇರುವೆಯೇ ಹೇಳಲಿ ಎಂದರು. ಅವಳು ಬೇಡ ಬೇಡವೆಂದಳು. ಮುದ್ದಪ್ಪ ತಾನೇ ಒಲೆ ಹೂಡಿ, ಬೀಜ ಹುರಿದು ತಂದು, "ಕಾಯಿಸವ್ವ" ಎಂದು ಅವಳ ಕಾಲ ಹತ್ತಿರ ಕೂತ ಮೇಲೆ ಎದ್ದಳು.

ಮಂಜುಗಣ್ಣಿನಲ್ಲೇ ಅವಳು ಕಾಯಿಸಿದ್ದನ್ನು ನಾನು ನೋಡಿದೆ. ಬೇವಿನ ಸೊಪ್ಪನ್ನು ಒಂದೊಂದೇ ಎಸಳು ಮುರಿದು ನಾಲಿಗೆಗೆ ಮುಟ್ಟಿಸಿ ಹಾಕಿದಳು. ಕೈ ತಡವರಿಸಲಿಲ್ಲ. ಗಂಜಿ ಆರಿತು. ಸೆರಗು ಹೊದ್ದು, ಚಿಟಿಕೆ ಎತ್ತಿ, ನಾಲ್ಕು ವರ್ಷದ ಮೇಲೆ ಗೋಡೆಯ ಬುಡಕ್ಕೆ ಹೋಗಿ ಬಗ್ಗಿದಳು. ಹಟ್ಟಿಯೆಲ್ಲ ಸುತ್ತ ನೆರೆದು ಬಗ್ಗಿ ನೋಡುತ್ತಿತ್ತು. ನಾನೂ ಮನಸ್ಸಿನಲ್ಲೇ ಶಿವಶಿವಾ ಎನ್ನುತ್ತಿದ್ದೆ.

ಇರುವೆಗಳು ಸಾಲಾಗಿ ಬಂದವು. ಮೊದಲನೆಯದು ಗಂಜಿಯ ಹತ್ತಿರ ನಿಂತು ಮೀಸೆ ಆಡಿಸಿತು, ಹಿಂದಕ್ಕೆ ಸರಿಯಿತು. ಎರಡನೆಯದೂ ಅಷ್ಟೇ. ಆಮೇಲೆ ಇಡೀ ಸಾಲು ಗಂಜಿಯನ್ನು ಬಳಸಿಕೊಂಡು ಆಚೆ ಕಡೆಯಿಂದ ಹೋಯಿತು. ಒಂದೂ ಮುಟ್ಟಲಿಲ್ಲ.

ನಮ್ಮವರ ಕಣ್ಣಲ್ಲಿ ನೀರು ಬಂದಿತ್ತು. "ನೋಡಿದ್ಯಾ ಜುಂಜಮ್ಮ? ಬಿಟ್ಟುಬಿಟ್ಟವು. ಗಡಿಗೆ ನಿಂದು. ನೀನೇ ಹೇಳ್ತಿದ್ದೆಯಲ್ಲ."

"ಅಂಗಂತ ನಾನೂ ಮೊದ್ಲು ಅಂದ್ಕಂಡಿದ್ದೆ" ಎಂದಳು ಅವಳು. ಇನ್ನೂ ಬಗ್ಗಿಕೊಂಡೇ ನೋಡುತ್ತಿದ್ದಳು. ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

"ಇರುವೆ ಸೈತ ನನ್ನ ಕೈದ ಮುಟ್ನಿಲ್ವಲ್ಲ ಅಯ್ನೋರೆ."